ಸ್ಪ್ಯಾನರಿಲ್ಲದ ದುರಸ್ತಿ

ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯಿಂದ ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ತರುವ ಲಾರಿಗಳನ್ನು ನಾವೆಲ್ಲ ನೋಡಿದ್ದೇವೆ. ಬ್ರೇಕು ಕೆಟ್ಟರೆ ಮೆಕ್ಯಾನಿಕ್ಕು ಸ್ಪ್ಯಾನರು ಹಿಡಿದು ಕೆಳಗೆ ನುಸುಳುವನು. ಸ್ಪ್ಯಾನರನ್ನು ಮುಟ್ಟದೆಯೇ ಬ್ರೇಕನ್ನು ಉತ್ತಮಗೊಳಿಸಬಹುದೆಂದರೆ ಓದುಗರು ನಂಬುವರೆ?

2018ರಲ್ಲಿ ಅಮೆರಿಕದಲ್ಲಿ ಹಾಗೆಯೇ ನಡೆಯಿತು. ಗಂಟೆಗೆ 60 ಮೈಲಿ ವೇಗದಲ್ಲಿದ್ದ ಟೆಸ್ಲಾ ಮಾಡೆಲ್ 3 ಕಾರು ಪರೀಕ್ಷೆಯೊಂದರಲ್ಲಿ ನಿಲ್ಲಲು 152 ಅಡಿ ತೆಗೆದುಕೊಂಡಿತು. ತಯಾರಕರು ನಿಸ್ತಂತುವಾಗಿ ಹೊಸ ತಂತ್ರಾಂಶವನ್ನು ಕಳುಹಿಸಿದ ಮೇಲೆ ಅದೇ ಕಾರು 133 ಅಡಿಗಳಲ್ಲಿ ನಿಂತಿತು.

ಇದು ಹೇಗೆ ಸಾಧ್ಯ? ಗಾಲಿ ಜಾರತೊಡಗಿದೊಡನೆ ಬ್ರೇಕಿನ ಒತ್ತಡವನ್ನು ಸಡಿಲಿಸಿ, ಮರುಕ್ಷಣವೇ ಬಿಗಿಗೊಳಿಸುವ ಪುಟ್ಟ ಗಣಕವೊಂದು ಇಂಥ ವಾಹನದಲ್ಲಿರುತ್ತದೆ. ಯಾವಾಗ, ಎಷ್ಟು ಎಂಬುದನ್ನು ವಿಧಿಸುವುದು ತಂತ್ರಾಂಶ. ಹಿಂದೆ ಒಂದೊಂದು ಭಾಗಕ್ಕೂ ಬೇರೆಬೇರೆ ಗಣಕ, ಬೇರೆಬೇರೆ ತಂತ್ರಾಂಶ. ಈಗ ಅವೆಲ್ಲಕ್ಕೂ ಸಾಮಾನ್ಯವಾದ ತಳಹದಿಯನ್ನು ರಚಿಸುತ್ತಾರೆ. ಇದೇ ತಂತ್ರಾಂಶ ವೇದಿಕೆ. ಗೋಡೆಯ ಒಂದೇ ಪ್ಲಗ್ಗಿಗೆ ಫ್ಯಾನನ್ನಾಗಲಿ ರೇಡಿಯೋವನ್ನಾಗಲಿ ತಗುಲಿಸುವಂತೆ, ಈ ವೇದಿಕೆಯ ಮೇಲೆ ಹೊಸ ಸೌಲಭ್ಯಗಳನ್ನು ಸೇರಿಸಬಹುದು. 2018ರಲ್ಲಿ ಮಾರಾಟಕ್ಕೆ ಬಂದ ಬೆಂಗಳೂರಿನ ಏಥರ್ ವಿದ್ಯುತ್ ಸ್ಕೂಟರುಗಳಿಗೂ ಹೊಸ ತಂತ್ರಾಂಶ ಹೀಗೆ ನಿಸ್ತಂತುವಾಗಿಯೇ ಬರುತ್ತದೆ.

ಆದರೆ ಅಪಾಯವೂ ಇಲ್ಲಿಯೇ ಇದೆ. ಮೆಕ್ಯಾನಿಕ್ಕಿನ ತಪ್ಪು ಒಂದು ಲಾರಿಯನ್ನು ಕೆಡಿಸೀತು. ತಂತ್ರಾಂಶದ ತಪ್ಪು ಸಾವಿರಾರು ವಾಹನಗಳನ್ನು ಒಮ್ಮೆಗೇ ಹೊಕ್ಕೀತು. ಆದ್ದರಿಂದ ಕಳುಹಿಸುವ ಮುನ್ನ ಕಠಿಣ ಪರೀಕ್ಷೆ ಬೇಕು. ಬಂದದ್ದು ತಯಾರಕರದ್ದೇ ಎಂದು ವಾಹನವೂ ಗುರುತು ನೋಡಿಕೊಳ್ಳಬೇಕು.

ಇನ್ನೊಂದು ಮಾತನ್ನು ನಾವು ಮರೆಯಬಾರದು. ಟೈರಿಗೂ ರಸ್ತೆಗೂ ನಡುವೆ ದೊರೆಯುವ ಘರ್ಷಣೆಯನ್ನು ತಂತ್ರಾಂಶ ಪೂರ್ತಿಯಾಗಿ ಬಳಸಿಕೊಳ್ಳಬಲ್ಲುದು. ಆ ಮಿತಿಯನ್ನು ಹೆಚ್ಚಿಸಲಾರದು. ಟೈರು ಸವೆದರೆ ಮತ್ತೆ ಸ್ಪ್ಯಾನರೇ ಗತಿ.