ನಿಮಗಿದು ಗೊತ್ತೇ? ಎದಿ ಡವಡವ ಅಂದಾಗ ಒಳಗ ನಡೆಯೋದೇನು?

ಜತ್ತ ತಾಲೂಕಿನ ಬಿಳೂರ ಕಡೆ ಹೋದರೆ ಕುರಿಹಿಂಡಿನ ಹತ್ತಿರ ಬಸ್ಸು ಹಾರ್ನ್ ಹೊಡೆಯುವುದನ್ನು ನೋಡಿ. ಒಂದು ಕುರಿ ಜಿಗಿಯಿತೋ, ಇಡೀ ಹಿಂಡೇ ದಿಕ್ಕಾಪಾಲು! ಬಸ್ಸು ಮರೆಯಾದ ಸ್ವಲ್ಪ ಹೊತ್ತಿಗೆ ಎಲ್ಲವೂ ತಲೆ ತಗ್ಗಿಸಿ ಮೇಯುತ್ತಿರುತ್ತವೆ. ಇಂಗ್ಲಿಷಿನ ‘ಪ್ಯಾನಿಕ್’ ಪದ ಹುಟ್ಟಿದ್ದೇ ಹೀಗೆ! ಗ್ರೀಕರಿಗೆ ಪ್ಯಾನ್ ಎಂಬ ದೇವರು. ನಮ್ಮ ಬೀರಪ್ಪನ ಹಾಗೆ ಕುರಿಗಾರರ ದೈವ. ಆದರೆ ಹಿಂಡು ಸುಮ್ಮಸುಮ್ಮನೆ ಬೆದರಿ ಓಡಿದರೆ ಅದೂ ಅವನದೇ ಕಿತಾಪತಿ. ಕಾಯುವವನೂ ಅವನೇ, ಬೆದರಿಸುವವನೂ ಅವನೇ!

ಕೈಕಾಲು ಸೋತವು, ಬಾಯಿ ಒಣಗಿತು, ಮೈ ನಡುಗಿತು, ಚರ್ಮ ಉರಿಯಿತು, ತಲೆ ತಿರುಗಿತು. ಯಾರ ದೂರಿದು? ಅರ್ಜುನನದು! ಗೀತೆಯ ಮೊದಲ ಅಧ್ಯಾಯ ತೆಗೆದು ನೋಡಿ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಪ್ಯಾನಿಕ್ ಅಟ್ಯಾಕಿಗೆ 13 ಲಕ್ಷಣಗಳಿವೆ, ಒಮ್ಮೆಲೇ ನಾಲ್ಕು ಕಂಡರೆ ಸಾಕು. ನಡುಕ, ಉರಿ, ತಲೆಸುತ್ತು ಸೇರಿ ಅರ್ಜುನನ ಲೆಕ್ಕಕ್ಕೆ ಮೂರು. ಒಂದರಲ್ಲಿ ಫೇಲು!

ಈ ಗದ್ದಲ ಎಬ್ಬಿಸುವ ಅಡ್ರಿನಲಿನ್ ಎಲ್ಲಿಂದ ಬರುತ್ತದೆ? ಎದೆಯಿಂದಲ್ಲ, ತಲೆಯಿಂದಲೂ ಅಲ್ಲ. ಮೂತ್ರಪಿಂಡದ ಮೇಲೆ ಟೊಪ್ಪಿಗೆಯಂತೆ ಕೂತ ಪುಟ್ಟ ಗ್ರಂಥಿಯಿಂದ!

‘ಉಸಿರೇ ಸಿಗವಲ್ದು’ ಅನ್ನುತ್ತಾರಲ್ಲ, ಆಗ ಬಹಳ ಸಲ ಉಸಿರು ಹೆಚ್ಚೇ ಆಗಿರುತ್ತದೆ! ಜೋರುಜೋರಾಗಿ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಬೆರಳ ತುದಿ, ತುಟಿ ಜುಮುಜುಮು. ತಲೆ ಹಗುರ. ಅದನ್ನು ಕಂಡು ಇನ್ನೂ ಗಾಬರಿ, ಇನ್ನೂ ಜೋರು ಉಸಿರು. ಗಾಣದೆತ್ತಿನ ಸುತ್ತು!

ಈಗಲೇ ಒಂದು ಕೆಲಸ ಮಾಡಿ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ಉಸಿರು ಎಳೆದುಕೊಳ್ಳಿ, ಆಮೇಲೆ ಬಿಸಿ ಹಾಲು ಊದುವಂತೆ ನಿಧಾನವಾಗಿ ಬಿಡಿ. ಎಳೆದುಕೊಂಡಾಗ ನಾಡಿ ತುಸು ಚುರುಕು, ಬಿಟ್ಟಾಗ ತುಸು ಮೆಲ್ಲಗೆ. ಗೊತ್ತಾಯಿತೇ? ಮದ್ದಿಲ್ಲ, ಮಾತ್ರೆಯಿಲ್ಲ, ಹೃದಯದ ಲಗಾಮು ನಿಮ್ಮ ಮೂಗಿನ ತುದಿಯಲ್ಲೇ!

ಗುಡ್ಡಾಪುರದ ದಾನಮ್ಮದೇವಿಗೆ ಕಾಲ್ನಡಿಗೆಯಲ್ಲಿ ಹೋಗುವವರನ್ನು ಕೇಳಿ. ಎದೆ ಹೊಡೆದುಕೊಳ್ಳುತ್ತದೆ, ಬೆವರು ಇಳಿಯುತ್ತದೆ, ಏದುಸಿರು ಬರುತ್ತದೆ. ಯಾರಾದರೂ ‘ಸತ್ತೆ’ ಅನ್ನುತ್ತಾರೆಯೇ? ಅದೇ ಡವಡವ ಮನೆಯಲ್ಲಿ ಸುಮ್ಮನೆ ಕೂತಾಗ ಬಂದರೆ ಜೀವ ಬಾಯಿಗೆ ಬರುತ್ತದೆ! ಬಡಿತ ಒಂದೇ, ನಾವು ಓದಿಕೊಳ್ಳುವ ಅರ್ಥ ಬೇರೆ. ಬ್ರಿಟನ್ನಿನ ಡೇವಿಡ್ ಕ್ಲಾರ್ಕ್ 1986ರಲ್ಲಿ ಪ್ಯಾನಿಕ್‌ಗೆ ಕೊಟ್ಟ ವಿವರಣೆಯ ತಿರುಳೂ ಇದೇ.

ಅದಕ್ಕೇ ಒಂದು ವಿಚಿತ್ರ ಚಿಕಿತ್ಸೆಯಿದೆ. ರೋಗಿಯನ್ನು ಕುರ್ಚಿಯಲ್ಲಿ ಗರಗರ ತಿರುಗಿಸುತ್ತಾರೆ! ಮೆಟ್ಟಿಲು ಹತ್ತಿಸಿ ಇಳಿಸುತ್ತಾರೆ, ಸ್ಟ್ರಾ ಕೊಟ್ಟು ಅದರಲ್ಲೇ ಉಸಿರಾಡಿ ಅನ್ನುತ್ತಾರೆ. ಹೆದರಿಕೆಯ ಲಕ್ಷಣಗಳನ್ನು ಬೇಕಂತಲೇ ತರಿಸಿ, ‘ನೋಡಿ, ಏನೂ ಆಗಲಿಲ್ಲ’ ಎಂದು ಮೈಗೇ ಪಾಠ! (ಇದನ್ನು ಬಲ್ಲವರ ಎದುರಿಗೇ ಮಾಡಬೇಕು, ಜಾತ್ರೆಯ ತೊಟ್ಟಿಲಲ್ಲಲ್ಲ.) ಒಲೆ ಮುಂದಿನ ಪೌರುಷದ ಉತ್ತರಕುಮಾರ ರಥದಿಂದ ಹಾರಿ ಓಡಿದಾಗ ಬೃಹನ್ನಳೆ ಮಾಡಿದ್ದೇನು? ಹಿಡಿದು ತಂದು ಅದೇ ರಥದ ಮೇಲೇ ಕೂರಿಸಿದ್ದು!

ಅಮೆರಿಕದಲ್ಲಿ ಎಸ್.ಎಂ. ಎಂಬ ಎರಡಕ್ಷರದಿಂದಷ್ಟೇ ಪ್ರಸಿದ್ಧಳಾದ ಮಹಿಳೆಯೊಬ್ಬಳಿದ್ದಾಳೆ. ಮಿದುಳಿನಲ್ಲಿ ಭಯದ ಕೇಂದ್ರವೆನಿಸಿದ ಅಮಿಗ್ಡಲವೇ ಹಾಳಾಗಿದೆ. ಹಾವು ಕಂಡರೂ ಹೆದರಳು! ಆದರೆ ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿಯನ್ನು ಒಂದೇ ಉಸಿರು ಎಳೆದದ್ದೇ ತಡ, ಪ್ಯಾನಿಕ್! 2013ರಲ್ಲಿ ಈ ಸುದ್ದಿ ಓದಿ ವಿಜ್ಞಾನಿಗಳೇ ಬೆಚ್ಚಿದರು.

ಹಲ್ಲಿ, ಹಾವುರಾಣಿಗಳ ಬಗ್ಗೆ ಸಂಶೋಧನೆ ಮಾಡಿದವರೊಬ್ಬರು ಲಕ್ಷಾಂತರ ಜನರ ಎದೆಬಡಿತಕ್ಕೆ ಧೈರ್ಯ ಹೇಳಿದ್ದು ಗೊತ್ತೇ? ಆಸ್ಟ್ರೇಲಿಯದ ಕ್ಲೇರ್ ವೀಕ್ಸ್. ಆಮೇಲೆ ವೈದ್ಯೆಯಾದರು, 1962ರಲ್ಲಿ ಪುಸ್ತಕ ಬರೆದರು. ಅವರ ಮದ್ದು ನಾಲ್ಕೇ ಮಾತು: ಎದುರಿಸು, ಒಪ್ಪಿಕೋ, ತೇಲು, ಕಾಲಕ್ಕೆ ಬಿಡು. ಎಳೆವಯಸ್ಸಿನಲ್ಲಿ ಅವರಿಗೇ ಈ ಡವಡವ ಇತ್ತು!

ಗಾಬರಿ ನಿದ್ದೆಯಲ್ಲೂ ಬರುತ್ತದೆ! ಕೆಟ್ಟ ಕನಸಿನಿಂದಲ್ಲ. ಕನಸೇ ಇಲ್ಲದ ನಿದ್ದೆಯಿಂದ ದಿಗ್ಗನೆ ಎಬ್ಬಿಸುತ್ತದೆ.

ಥೈರಾಯ್ಡ್ ಹೆಚ್ಚಾದರೂ ಹೀಗೇ ಬೆವರು, ನಡುಕ, ಡವಡವ. ಹಾಗಾಗಿ ಮೊದಲ ಸಲ ಎದೆ ಹಿಂಡಿದರೆ ‘ಬರೀ ಹೆದರಿಕೆ’ ಎಂದು ಮನೆಯಲ್ಲೇ ತೀರ್ಪು ಬೇಡ, ಡಾಕ್ಟರು ನೋಡಲಿ.

14416! ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಪುಕ್ಕಟೆ ಸಹಾಯವಾಣಿ. ಹಗಲೂ ರಾತ್ರಿ ಎತ್ತುತ್ತಾರೆ. ಮುಂದಾಳು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಭಾಷೆ 20, ಕನ್ನಡವೂ ಇದೆ, ಮರಾಠಿಯೂ ಇದೆ. ಗಡಿಯೂರಿನವರಿಗೆ ಎರಡೂ ನಡೆಯುತ್ತವೆ!

ಕೊನೆಗೊಂದು ತಮಾಷೆ. ಯಾರಿಗಾದರೂ ಎದೆ ಡವಡವ ಅಂದರೆ ನಮ್ಮ ಮಂದಿ ಮೊದಲು ಏನು ಹೇಳುತ್ತಾರೆ? ‘ಏ ತಂಗಿ, ಕಾಕಾಗ ಒಂದು ಕಡಕ್ ಚಹಾ ಮಾಡವಾ!’ ಚಹಾದಲ್ಲಿರುವುದು ಕೆಫೀನ್. ಎದೆಬಡಿತ ಏರಿಸುವ, ಕೆಲವರಿಗೆ ಪ್ಯಾನಿಕ್ಕನ್ನೇ ತರಿಸುವ ಅದೇ ಕೆಫೀನ್! ನಾಲ್ಕು ಗಂಟೆಗೆ ಕುಡಿದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ರಾತ್ರಿ ಒಂಬತ್ತಕ್ಕೂ ಮೈಯಲ್ಲೇ ಇರುತ್ತದೆ. ಕಾಕಾ ಪಾಪ, ಅಷ್ಟರಲ್ಲಿ ಇನ್ನೆರಡು ಕಪ್ಪು ಮುಗಿಸಿರುತ್ತಾರೆ!