ಬಾನೆಟ್ಟಿನಡಿಯ ಪರಕಾಯಪ್ರವೇಶ

ಜಯಪ್ರಕಾಶ ನಾರಾಯಣರ ಹೆಸರನ್ನು ಹೊತ್ತಿದ್ದರೂ ಜನರ ಬಾಯಲ್ಲಿ ಜೆ.ಪಿ. ನಗರವಾಗಿಯೇ ಉಳಿದಿರುವ ಬಡಾವಣೆಯಲ್ಲಿ, ಬೆಳಗಿನ ಹೊತ್ತು ರಾಗಿಗುಡ್ಡದ ಕಡೆಯಿಂದ ಸಾರಕ್ಕಿಯ ಕಡೆಗೆ ನಡೆದುಹೋಗುವವನಿಗೆ, ಯಾವುದಾದರೊಂದು ಹಳೆಯ ಮನೆಯ ಪೋರ್ಟಿಕೋದಲ್ಲಿ ಟಾರ್ಪಾಲು ಹೊದ್ದು ನಿಂತ ಕಾರೊಂದು ಕಣ್ಣಿಗೆ ಬೀಳದೆ ಇರದು. ಹೊದಿಕೆಯ ಕೆಳಗಿನ ಅಂಚಿನಲ್ಲಿ ಇಣುಕುವ ಕ್ರೋಮಿಯಮ್ ಬಂಪರು, ಗಾಳಿಯಿಳಿದು ಚಪ್ಪಟೆಯಾದ ಚಕ್ರ, ಮೈಸೂರು ರಾಜ್ಯದ ಕಾಲದ ಎಂ.ವೈ. ಅಕ್ಷರಗಳ ನಂಬರು ಫಲಕ, ಇಷ್ಟರಿಂದಲೇ ಅದು ಅಂಬಾಸಿಡರೋ ಫಿಯೆಟ್ಟೋ ಹೆರಾಲ್ಡೋ ಎಂದು ತಿಳಿದವರು ಊಹಿಸಬಲ್ಲರು. ತಂದೆಯೋ ಅಜ್ಜನೋ ಕೊಂಡದ್ದೆಂಬ ಮಮತೆಯಿಂದ ಮಾರಲಾರದೆ, ಹತ್ತಿಸಿದರೆ ಹತ್ತದು, ಹತ್ತಿದರೆ ಸಿಗ್ನಲಿನಲ್ಲಿ ನಿಂತೇಹೋಗುತ್ತದೆ ಎಂಬ ಭಯದಿಂದ ಓಡಿಸಲೂ ಆರದೆ, ಮನೆಯವರು ಅದನ್ನು ಪೂಜೆಗೂ ಸಲ್ಲದ ಬಳಕೆಗೂ ಸಲ್ಲದ ವಿಗ್ರಹದಂತೆ ಇರಿಸಿಕೊಂಡಿರುತ್ತಾರೆ.

ಈ ಸಂದಿಗ್ಧಕ್ಕೆ ಪರಿಹಾರವಾಗಿ ಹುಟ್ಟಿಕೊಂಡ ಕುಶಲಕರ್ಮವೊಂದನ್ನು ಪರಿಚಯಿಸುವುದೇ ಈ ಲೇಖನದ ಉದ್ದೇಶ. ಕಾರಿನ ಒಡಲನ್ನು ಇದ್ದಂತೆಯೇ ಇರಿಸಿ, ಅದರ ಹಳೆಯ ಎಂಜಿನನ್ನೂ ಗೇರ್‌ಬಾಕ್ಸನ್ನೂ ಇಳಿಸಿ, ಆ ಜಾಗದಲ್ಲಿ ಇಂದಿನ ಕಾಲದ ಎಂ.ಪಿ.ಎಫ್.ಐ. (ಇಂಧನವನ್ನು ಇಂಜೆಕ್ಟರುಗಳಿಂದ ಚಿಮ್ಮಿಸುವ) ಎಂಜಿನನ್ನೂ ಐದು ಗೇರುಗಳ ಪೆಟ್ಟಿಗೆಯನ್ನೂ ಕೂರಿಸುವ ಈ ಕೆಲಸವನ್ನು ಗ್ಯಾರೇಜಿನವರು 'ಎಂಜಿನ್ ಸ್ವಾಪ್' ಎನ್ನುತ್ತಾರೆ. ನಮ್ಮ ಪುರಾಣಭಾಷೆಯಲ್ಲಿ ಹೇಳುವುದಾದರೆ ಇದು ಪರಕಾಯಪ್ರವೇಶ: ಕಾಯ ಹಳೆಯದು, ಒಳಹೊಕ್ಕ ಪ್ರಾಣ ಬೇರೆಯದು.

ಇದು ಹವ್ಯಾಸಿಗಳ ಹುಚ್ಚಾಟವೆಂದು ಹುಬ್ಬು ಗಂಟಿಕ್ಕುವವರು ಒಂದು ಸಂಗತಿಯನ್ನು ಗಮನಿಸಬೇಕು. ಹೀಗೆ ಪ್ರಾಣ ಬದಲಿಸುವ ಕೆಲಸವನ್ನು ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿದವರು ಕಾರು ತಯಾರಕರೇ. ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಮಾದರಿಯಿಂದ ರೂಪುಗೊಂಡು ಉತ್ತರಪಾರಾದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಅಂಬಾಸಿಡರು, ದಶಕಗಳ ಕಾಲ 1489 ಸಿ.ಸಿ.ಯ ಬ್ರಿಟಿಷ್ ಪೆಟ್ರೋಲ್ ಎಂಜಿನನ್ನೇ ನೆಚ್ಚಿಕೊಂಡಿದ್ದು, 1990ರ ದಶಕದ ಆರಂಭದಲ್ಲಿ ಜಪಾನಿನ ಇಸುಜು ಕಂಪನಿಯ 1817 ಸಿ.ಸಿ. ಎಂಜಿನನ್ನೂ ನೆಲದಿಂದ ಮೇಲೆದ್ದ ಐದು ಗೇರುಗಳ ಸನ್ನೆಯನ್ನೂ ಪಡೆಯಿತು. ಮುಂದೆ ಆ ಎಂಜಿನಿಗೇ ಎಂ.ಪಿ.ಎಫ್.ಐ. ವ್ಯವಸ್ಥೆಯೂ ಸೇರಿತು. ಅದೇ ಸಂಸ್ಥೆಯ ಕಾಂಟೆಸ್ಸಾ ಕೂಡ ಮೊದಲು ಅಂಬಾಸಿಡರಿನ ಎಂಜಿನನ್ನೇ ಹೊತ್ತು, ಆ ಭಾರೀ ಶರೀರವನ್ನು ಎಳೆಯಲಾರದೆ ಏದುಸಿರು ಬಿಟ್ಟು, ಇಸುಜು ಎಂಜಿನು ಬಂದ ಮೇಲೆಯೇ ತನ್ನ ಗಾತ್ರಕ್ಕೆ ತಕ್ಕ ನಡಿಗೆಯನ್ನು ಕಂಡುಕೊಂಡಿತು. ಮುಂಬಯಿಯ ಪ್ರೀಮಿಯರ್ ಸಂಸ್ಥೆ 1985ರಲ್ಲಿ ಹೊರತಂದ 118ಎನ್ಇ ಎಂಬ ಕಾರಂತೂ ಇಟಲಿಯ ಫಿಯೆಟ್ 124ರ ಒಡಲಿಗೆ ಜಪಾನಿನ ನಿಸಾನ್ ಎಂಜಿನನ್ನು ಕೂಡಿಸಿದ ಸಂತಾನ. ಆದುದರಿಂದ ಹಳೆಯ ಅಂಬಾಸಿಡರಿಗೆ ಇಸುಜು ಎಂಜಿನು ಹಾಕಿಸಬೇಕೆನ್ನುವವನು ಪರಂಪರೆಯನ್ನು ಮುರಿಯುವವನಲ್ಲ, ಉತ್ತರಪಾರಾದವರೇ ತುಳಿದ ಹಾದಿಯಲ್ಲಿ ತಡವಾಗಿ ನಡೆಯುವವನು.

ಹಾಗಾದರೆ ಹಳೆಯ ಎಂಜಿನಿನ ದೋಷವೇನು? ಅದು ಕೆಟ್ಟದ್ದಲ್ಲ, ಅದು ಬದುಕಿದ್ದ ಲೋಕ ಬದಲಾಗಿದೆ. ಕಾರ್ಬ್ಯುರೇಟರೆಂಬುದು ಗಾಳಿಯ ಸೆಳೆತದಿಂದಲೇ ಪೆಟ್ರೋಲನ್ನು ಹೀರಿಸಿ ಬೆರೆಸುವ, ಮಿದುಳಿಲ್ಲದಿದ್ದರೂ ಅತ್ಯಂತ ಚಾತುರ್ಯದ ಉಪಕರಣ. ಆದರೆ ಒಮ್ಮೆ ತಿರುಪು ಹಾಕಿ ನಿಲ್ಲಿಸಿದ ಪ್ರಮಾಣವನ್ನು ಅದು ತಾನಾಗಿ ಬದಲಿಸಿಕೊಳ್ಳಲಾರದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಹೆಚ್ಚುಕಡಮೆ ಹತ್ತನೇ ಒಂದು ಪಾಲು ತೆಳು. ಮಂಗಳೂರಿನಲ್ಲಿ ಹದವಾಗಿ ಟ್ಯೂನ್ ಮಾಡಿಸಿದ ಫಿಯೆಟ್ಟು ಶಿರಾಡಿ ಘಟ್ಟವನ್ನು ಹತ್ತಿ ಇಲ್ಲಿಗೆ ಬಂದರೆ ಪೆಟ್ರೋಲು ಹೆಚ್ಚಾಗಿ ಹೊಗೆಯುಗುಳುವುದೂ, ಇಲ್ಲಿ ಹದ ಮಾಡಿಸಿದ್ದು ಘಟ್ಟವಿಳಿದ ಮೇಲೆ ಪೆಟ್ರೋಲಿಗೆ ಬಾಯಾರಿ ಕಾಯುವುದೂ ಈ ಕಾರಣದಿಂದಲೇ. ಹಿಂದಿನ ಮೇಸ್ತ್ರಿಗಳು ಕಿವಿಯಿಂದ ಕೇಳಿ, ಪ್ಲಗ್ಗಿನ ತುದಿಯ ಬಣ್ಣ ನೋಡಿ ಈ ಹದವನ್ನು ಸಾಧಿಸುತ್ತಿದ್ದರು. ಆ ಕಿವಿಗಳು ವಿರಳವಾಗುತ್ತಿವೆ.

ಇಂಧನವೂ ಬದಲಾಗಿದೆ. ಹಳೆಯ ಎಂಜಿನುಗಳ ವಾಲ್ವುಗಳು ಕೂರುವ ಪೀಠಗಳನ್ನು ಸವೆಯದಂತೆ ಕಾಪಾಡುತ್ತಿದ್ದ ಸೀಸವು 2000ದ ಹೊತ್ತಿಗೆ ನಮ್ಮ ಪೆಟ್ರೋಲಿನಿಂದ ಮರೆಯಾಯಿತು. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾರಂಭದಲ್ಲಿಯೇ ಲೋಕಾರ್ಪಣೆಗೊಂಡಿತು. ಎಥನಾಲು ನೀರನ್ನು ಸೆಳೆದುಕೊಳ್ಳುವ ಸ್ವಭಾವದ್ದು. ಹಳೆಯ ರಬ್ಬರಿನ ಕೊಳವೆಗಳನ್ನೂ ಪಂಪಿನ ಪೊರೆಗಳನ್ನೂ ಮೆತ್ತಗಾಗಿಸುವಂಥದ್ದು. ತಿಂಗಳುಗಟ್ಟಲೆ ನಿಂತೇ ಇರುವ ಕಾರಿನ ಟ್ಯಾಂಕಿನಲ್ಲಿ ಇದು ಮಾಡುವ ಹಾನಿ, ಓಡುವ ಕಾರಿನಲ್ಲಿ ಮಾಡುವುದಕ್ಕಿಂತ ಅಧಿಕ.

ಬದಲಾಗುವ ಗಾಳಿಗೂ ಇಂಧನಕ್ಕೂ ತಾನಾಗಿ ಹೊಂದಿಕೊಳ್ಳುವುದರಲ್ಲಿಯೇ ಇಂಜೆಕ್ಷನ್ ವ್ಯವಸ್ಥೆಯ ಮಹಿಮೆ ಇದೆ. ಒಳಬರುವ ಗಾಳಿಯ ಒತ್ತಡ, ನೀರಿನ ಬಿಸಿ, ಥ್ರಾಟಲಿನ ಕೋನ, ಕ್ರ್ಯಾಂಕಿನ ವೇಗ, ಹೊಗೆಕೊಳವೆಯಲ್ಲಿ ಉಳಿದ ಆಮ್ಲಜನಕ, ಇವನ್ನೆಲ್ಲ ಸೆನ್ಸರುಗಳಿಂದ ಕ್ಷಣಕ್ಷಣಕ್ಕೂ ತಿಳಿದುಕೊಂಡು, ಶುದ್ಧ ಪೆಟ್ರೋಲಾದರೆ ತೂಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಎಂಬ ಪ್ರಮಾಣದ ಸುತ್ತ ಇಂಧನವನ್ನು ಚಿಮ್ಮಿಸಲು ಇ.ಸಿ.ಯು. ಎಂಬ ಪುಟ್ಟ ಪೆಟ್ಟಿಗೆ ಆಜ್ಞೆ ಕೊಡುತ್ತದೆ. ಅಮೆರಿಕದ ಬೆಂಡಿಕ್ಸ್ ಕಂಪನಿ 1950ರ ದಶಕದಲ್ಲಿ ಯತ್ನಿಸಿ ಕೈಬಿಟ್ಟ ಈ ವಿದ್ಯೆಯನ್ನು 1967ರಲ್ಲಿ ಮಾರುಕಟ್ಟೆಗೆ ತಂದು ನಿಲ್ಲಿಸಿದ್ದು ಜರ್ಮನಿಯ ಬಾಷ್. ಆ ಬಾಷ್ ಮನೆತನದ ಭಾರತೀಯ ಶಾಖೆಯಾದ ಮೈಕೋ 1951ರಲ್ಲಿ ಹುಟ್ಟಿ, ಆಡುಗೋಡಿಯಲ್ಲಿ ಕಾರ್ಖಾನೆ ತೆರೆದು, ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನೂ ತಯಾರಿಸುತ್ತ, ದಕ್ಷಿಣ ಬೆಂಗಳೂರಿನ ಎಷ್ಟೋ ಮನೆಗಳಿಗೆ ಅನ್ನವಿತ್ತಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾದರೂ ಬಿ.ಟಿ.ಎಂ.ನ ಮಗ್ಗುಲಲ್ಲಿ ಮೈಕೋ ಲೇಔಟು ಮೈಕೋ ಲೇಔಟಾಗಿಯೇ ಉಳಿದಿದೆ. ಇಂಧನವನ್ನು ಒತ್ತಡದಿಂದ ಚಿಮ್ಮಿಸುವ ವಿದ್ಯೆ ಈ ಭಾಗದ ಜನಕ್ಕೆ ಹೊರಗಿನಿಂದ ಬಂದ ಅತಿಥಿಯಲ್ಲ, ಪಕ್ಕದ ಕೇರಿಯ ಕಸುಬು.

ಇನ್ನು ಕೆಲಸದ ಕ್ರಮ. ಮೊದಲ ಪ್ರಶ್ನೆ, ಯಾವ ಎಂಜಿನು? ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲು ಎಂಜಿನುಗಳು ಅಡ್ಡಲಾಗಿ ಮಲಗಿ ಮುಂದಿನ ಚಕ್ರಗಳನ್ನು ತಿರುಗಿಸುತ್ತವೆ. ಅಂಬಾಸಿಡರು, ಪ್ರೀಮಿಯರ್ ಪದ್ಮಿನಿ, ಹೆರಾಲ್ಡುಗಳಲ್ಲಾದರೋ ಎಂಜಿನು ಉದ್ದಕ್ಕೆ ಕುಳಿತು, ಹಿಂದೆ ಗೇರ್‌ಬಾಕ್ಸು, ಅದರ ಹಿಂದೆ ಪ್ರೊಪೆಲ್ಲರ್ ಶಾಫ್ಟು, ಕೊನೆಗೆ ಹಿಂದಿನ ಹೌಸಿಂಗು ಎಂಬ ಸಾಲು. ಆದುದರಿಂದ ಶಿವಾಜಿನಗರದ ಗುಜರಿಯಲ್ಲಿ ಎಂಜಿನು ಹುಡುಕುವವನ ದೃಷ್ಟಿ ಸಹಜವಾಗಿಯೇ ಮಾರುತಿಯ ಜಿಪ್ಸಿ, ವರ್ಸಾ, ಈಕೋಗಳ ಕಡೆ ಹೊರಳುತ್ತದೆ. ಅವುಗಳ ಎಂಜಿನುಗಳು ಉದ್ದಕ್ಕೇ ಕೂರುವಂಥವು. ಜಿಪ್ಸಿಯ 1298 ಸಿ.ಸಿ. ಎಂಜಿನಿನ ಬ್ಲಾಕು ಅಲ್ಯುಮಿನಿಯಮ್ಮಿನದು, ಹಗುರ. ಮಿಗಿಲಾಗಿ ಆ ಗಾಡಿಯಲ್ಲಿ ನಾಲ್ಕು ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ ಗೇರ್‌ಬಾಕ್ಸಿಗೆ ಅಂಟದೆ ಪ್ರತ್ಯೇಕವಾಗಿರುವುದರಿಂದ ಗೇರ್‌ಬಾಕ್ಸನ್ನು ಮಾತ್ರ ಬೇರ್ಪಡಿಸಿ ತರುವುದು ಸುಲಭ. ಎಂಜಿನನ್ನೂ ಗೇರ್‌ಬಾಕ್ಸನ್ನೂ ಒಂದೇ ಗಾಡಿಯಿಂದ ತರಬೇಕೆಂಬುದು ಅನುಭವಿಗಳ ಮೊದಲ ಉಪದೇಶ. ಹೊಸ ಎಂಜಿನಿಗೆ ಹಳೆಯ ಗೇರ್‌ಬಾಕ್ಸನ್ನು ಕೂಡಿಸಹೊರಟರೆ ನಡುವೆ ಲೋಹದ ಫಲಕವೊಂದನ್ನು ಕೊರೆಸಬೇಕು; ಆ ಫಲಕದಲ್ಲಿ ಕೂದಲೆಳೆಯಷ್ಟು ವಕ್ರತೆ ಉಳಿದರೂ ಕ್ಲಚ್ಚು ನಡುಗುತ್ತದೆ, ಬೇರಿಂಗು ಅರಚುತ್ತದೆ.

ಎರಡನೆಯದು ಕೂರಿಸುವ ಬಗೆ. ಬಲ್ಲ ಮೇಸ್ತ್ರಿ ಮೊದಲು ಕಬ್ಬಿಣವನ್ನು ಮುಟ್ಟುವುದಿಲ್ಲ, ರಟ್ಟನ್ನು ಮುಟ್ಟುತ್ತಾನೆ. ಎಂಜಿನನ್ನು ಸರಪಳಿಯಿಂದ ತೂಗುಬಿಟ್ಟು, ಕೆಳಗಿನ ಸಂಪು ಸ್ಟೀರಿಂಗಿನ ಸಲಾಕೆಗಳಿಗೆ ತಾಗುವುದೋ, ಫ್ಯಾನು ರೇಡಿಯೇಟರಿಗೆ ಬಡಿಯುವುದೋ, ಬಾನೆಟ್ಟು ಮುಚ್ಚುವುದೋ ಎಂದು ಹತ್ತು ಸಲ ಏರಿಸಿ ಇಳಿಸಿ ನೋಡಿ, ರಟ್ಟಿನಲ್ಲಿ ಕತ್ತರಿಸಿದ ಮಾದರಿಯಂತೆ ಮೌಂಟಿಂಗುಗಳನ್ನು ಉಕ್ಕಿನಲ್ಲಿ ಮಾಡಿಸುತ್ತಾನೆ. ಗೇರ್‌ಬಾಕ್ಸಿನ ತುದಿಯ ವಾಲುವಿಕೆಗೂ ಹಿಂದಿನ ಹೌಸಿಂಗಿನ ಮೂಗಿನ ವಾಲುವಿಕೆಗೂ ಸಾಮ್ಯವಿರಬೇಕು. ಇಲ್ಲವಾದರೆ ನಡುವಣ ಶಾಫ್ಟಿನ ಕೀಲುಗಳು ಸಮವೇಗದಲ್ಲಿ ತಿರುಗದೆ, ಗಂಟೆಗೆ ಅರವತ್ತು ಕಿಲೋಮೀಟರು ದಾಟುವಷ್ಟರಲ್ಲಿ ಸೀಟಿನಡಿಯಿಂದ ಗುಂಯ್‌ಗುಡುವಿಕೆ ಆರಂಭವಾಗುತ್ತದೆ. ಶಾಫ್ಟನ್ನು ಕತ್ತರಿಸಿ, ಉದ್ದ ಹೊಂದಿಸಿ, ಬೆಸೆದು, ಬ್ಯಾಲೆನ್ಸ್ ಮಾಡಿಸುವುದು ಲೇತಿನವರ ಪಾಲಿನ ಕೆಲಸ. ಜೆ.ಪಿ. ನಗರದ ಮೂರನೆಯ ಹಂತದ ಸಾರಕ್ಕಿ ಕೈಗಾರಿಕಾ ಬಡಾವಣೆಯಂಥ ಕಡೆ, ಅಪಾರ್ಟ್‌ಮೆಂಟುಗಳ ನಡುವೆಯೂ ಲೋಹ ಕಡೆಯುವ ಶೆಡ್ಡುಗಳು ಉಳಿದಿರುವುದರ ಬೆಲೆ ಆಗ ತಿಳಿಯುತ್ತದೆ.

ಗೇರಿನ ಸನ್ನೆಯ ಸ್ಥಳಾಂತರ ಚಾಲಕನ ಕೈಗೆ ನೇರವಾಗಿ ತಿಳಿಯುವ ಬದಲಾವಣೆ. ಪದ್ಮಿನಿಯನ್ನು ಓಡಿಸಿದವರ ಎಡಗೈಗೆ ಇಂದಿಗೂ ಆ ಸ್ಟೀರಿಂಗ್ ಗೇರಿನ ಎಳೆತ ತಳ್ಳುಗಳು ನೆನಪಿವೆ. ಮುಂದಿನ ಉದ್ದನೆಯ ಸೀಟಿನಲ್ಲಿ ಮೂವರು ಒತ್ತೊತ್ತಾಗಿ ಕೂರಲು ಸಾಧ್ಯವಾದದ್ದು ನಡುವೆ ಸನ್ನೆಯಿರಲಿಲ್ಲವಾದುದರಿಂದ. ಹೊಸ ಗೇರ್‌ಬಾಕ್ಸು ಬಂತೆಂದರೆ ನೆಲದ ನಡುವಿನ ಉಬ್ಬಿನಲ್ಲಿ ಒಂದು ಕಿಂಡಿ ಬೇಕು, ಮೂರನೆಯವನು ಹಿಂದಕ್ಕೆ ಹೋಗಬೇಕು. ಐದನೆಯ ಗೇರು ಬಂದದ್ದಕ್ಕೆ ಮನೆಮಂದಿ ತೆರುವ ಬೆಲೆಯಿದು.

ಇಂಧನದ ಮಾರ್ಗವನ್ನಂತೂ ಆಮೂಲಾಗ್ರ ಹೊಸದಾಗಿ ಕಟ್ಟಬೇಕು. ಕಾರ್ಬ್ಯುರೇಟರಿಗೆ ಪೆಟ್ರೋಲು ಏರಿಸುತ್ತಿದ್ದ ಹಳೆಯ ಪಂಪಿನ ಒತ್ತಡಕ್ಕೆ ಸುಮಾರು ಹತ್ತು ಪಟ್ಟು ಒತ್ತಡ, ಎಂದರೆ ಸುಮಾರು 3 ಬಾರ್, ಇಂಜೆಕ್ಟರುಗಳಿಗೆ ಬೇಕು. ಅದಕ್ಕೆ ತಕ್ಕ ವಿದ್ಯುತ್ ಪಂಪು, ಎಥನಾಲಿಗೆ ಬಗ್ಗದ ಕೊಳವೆ, ತಿರುವಿನಲ್ಲಿ ಪೆಟ್ರೋಲು ಒಂದು ಮೂಲೆಗೆ ಸರಿದು ಪಂಪಿನ ಬಾಯಿ ಒಣಗದಂತೆ ಟ್ಯಾಂಕಿನೊಳಗೆ ಅಡ್ಡಗೋಡೆ, ಐವತ್ತು ವರ್ಷದ ತುಕ್ಕು ಇಂಜೆಕ್ಟರಿನ ಸೂಕ್ಷ್ಮರಂಧ್ರಗಳನ್ನು ಸೇರದಂತೆ ಫಿಲ್ಟರು, ಇವು ಯಾವುದರಲ್ಲಿಯೂ ಉಳಿತಾಯ ಸಲ್ಲದು. ವೈರಿಂಗು ಮತ್ತೊಂದು ಕಾಂಡ. ದಾನಿ ಗಾಡಿಯ ಇ.ಸಿ.ಯು., ವೈರುಗಳ ಕಟ್ಟು, ಕೀಲಿಕೈ ಮೂರನ್ನೂ ಒಟ್ಟಿಗೆ ತರದಿದ್ದರೆ ಕಳ್ಳತನ ತಡೆಯಲೆಂದು ಇಟ್ಟ ರಹಸ್ಯಸಂಕೇತ ಕೂಡದೆ ಎಂಜಿನು ಹತ್ತುವುದೇ ಇಲ್ಲ. ಎಲ್ಲಕ್ಕಿಂತ ಮಿಗಿಲಾದುದು ಬ್ರೇಕು: ನಾಲ್ಕೂ ಚಕ್ರಕ್ಕೆ ಡ್ರಮ್ಮಿರುವ ಕಾರಿಗೆ ವೇಗವನ್ನು ಮಾತ್ರ ಕೊಟ್ಟು ನಿಲ್ಲುವ ಶಕ್ತಿಯನ್ನು ಕೊಡದಿರುವುದು ಕುಶಲತೆಯಲ್ಲ, ಅಪರಾಧ.

ಕಾನೂನಿನ ಮಾತು ಇಲ್ಲಿ ಅನಿವಾರ್ಯ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ನಿಗದಿಪಡಿಸಿದುದಕ್ಕಿಂತ ಭಿನ್ನವಾಗುವ ಹಾಗೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಆದುದರಿಂದ ಗುಜರಿಗೆ ಹೋಗುವ ಮುನ್ನ ಆರ್.ಟಿ.ಓ. ಕಚೇರಿಗೆ ಹೋಗಿ ಲಿಖಿತ ಅನುಮತಿಯ ವಿಚಾರವನ್ನು ಇತ್ಯರ್ಥಪಡಿಸಿಕೊಳ್ಳುವುದು ವಿವೇಕ. 2021ರ ಜುಲೈಯಲ್ಲಿ ಪ್ರಕಟವಾದ ವಿಂಟೇಜ್ ವಾಹನಗಳ ನಿಯಮ ಮತ್ತೊಂದು ಕವಲನ್ನು ತೋರಿಸುತ್ತದೆ: ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ, ಚಾಸಿ, ಒಡಲು, ಎಂಜಿನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದ ವಾಹನಕ್ಕೆ ಆ ಗೌರವ ದೊರೆಯುತ್ತದೆ, ಆದರೆ ಆ ಗೌರವ ಪಡೆದದ್ದು ಪ್ರದರ್ಶನಕ್ಕೂ ರ‍್ಯಾಲಿಗೂ ದುರಸ್ತಿಗೂ ಹೊರಟೀತೇ ಹೊರತು ನಿತ್ಯದ ಓಡಾಟಕ್ಕಲ್ಲ. ಮೂಲರೂಪದಲ್ಲಿ ಉಳಿಸಿಕೊಂಡು ಆ ಗೌರವ ಪಡೆದರೆ ಗಾಂಧಿಬಜಾರಿಗೆ ತರಕಾರಿ ತರಲು ಒಯ್ಯುವಂತಿಲ್ಲ; ಒಯ್ಯುವಂತೆ ಮಾರ್ಪಡಿಸಿದರೆ ವಿಂಟೇಜೆಂಬ ಪದವಿಯಿಲ್ಲ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಕಾರುಗಳನ್ನು ನೋಡಿದವರು ಮೊದಲನೆಯ ಮಾರ್ಗದ ಘನತೆಯನ್ನು ಅಲ್ಲಗಳೆಯಲಾರರು. ಆದರೆ ಕಾರು ಓಡುವುದಕ್ಕಾಗಿಯೇ ಹುಟ್ಟಿದ ವಸ್ತು ಎನ್ನುವವರ ವಾದವನ್ನೂ ತಳ್ಳಿಹಾಕುವಂತಿಲ್ಲ.

ಈ ಎರಡು ನಿಷ್ಠೆಗಳ ನಡುವೆ ಉತ್ತಮ ಕುಶಲಕರ್ಮಿ ಕಂಡುಕೊಂಡ ಸೂತ್ರವೊಂದುಂಟು: ಮಾಡಿದ್ದನ್ನೆಲ್ಲ ಮರಳಿ ಬಿಚ್ಚಲು ಬರಬೇಕು. ಅವನು ಮೌಂಟಿಂಗನ್ನು ಚಾಸಿಗೆ ಬೆಸೆಯುವ ಬದಲು ಹಳೆಯ ರಂಧ್ರಗಳನ್ನೇ ಬಳಸಿ ಬೋಲ್ಟು ಹಾಕುತ್ತಾನೆ; ಒಡಲಿನ ತಗಡನ್ನು ಕತ್ತರಿಸುವುದು ಅನಿವಾರ್ಯವಾದಲ್ಲಿ ಕತ್ತರಿಸಿದ ತುಂಡಿಗೆ ಚೀಟಿ ಕಟ್ಟಿ ಮಾಲೀಕನ ಕೈಗಿಡುತ್ತಾನೆ; ಹಳೆಯ ಎಂಜಿನನ್ನು ಗುಜರಿಗೆ ಮಾರಗೊಡುವುದಿಲ್ಲ. ಕೆಲಸದ ಯೋಗ್ಯತೆಯನ್ನು ಅಳೆಯಲು ಹೊಸ ಎಂಜಿನಿನ ಪಿಕಪ್ಪನ್ನು ನೋಡುವುದಕ್ಕಿಂತ ಹಳೆಯ ಎಂಜಿನು ಎಲ್ಲಿದೆ ಎಂದು ಕೇಳುವುದೇ ಸರಿಯಾದ ಪರೀಕ್ಷೆಯೆಂದು ನನ್ನ ಅಭಿಪ್ರಾಯ.

ಶಂಕರಾಚಾರ್ಯರು ಅಮರುಕ ರಾಜನ ಶರೀರವನ್ನು ಹೊಕ್ಕ ಕತೆಯಲ್ಲಿ, ಗುರುಗಳ ಸ್ವಂತ ಶರೀರವನ್ನು ಗುಹೆಯಲ್ಲಿರಿಸಿ ಶಿಷ್ಯರು ಹಗಲಿರುಳು ಕಾದರಂತೆ. ಆ ಕಾವಲಿಲ್ಲದಿದ್ದರೆ ಪ್ರವೇಶವಿತ್ತೇ ಹೊರತು ಹಿಂದಿರುಗುವ ದಾರಿಯಿರುತ್ತಿರಲಿಲ್ಲ. ಪದ್ಮಿನಿ ಹೊಸ ಎಂಜಿನಿನೊಡನೆ ಕನಕಪುರ ರಸ್ತೆಯಲ್ಲಿ ಓಡುತ್ತಿರುವಾಗ, ಮನೆಯಲ್ಲಿ ಮೆಟ್ಟಿಲಿನ ಕೆಳಗೆ, ಎಣ್ಣೆ ಸವರಿದ ಗೋಣಿಯಲ್ಲಿ ಸುತ್ತಿಟ್ಟ ಅದರ 1089 ಸಿ.ಸಿ.ಯ ಹಳೆಯ ಎಂಜಿನು, ಹುಟ್ಟಿದಂದು ಕೆತ್ತಿದ ತನ್ನ ನಂಬರಿನೊಡನೆ ಕುಳಿತಿರುತ್ತದೆ. ಮಳೆಗಾಲಕ್ಕೆ ಮುನ್ನ ಆ ಗೋಣಿಯನ್ನು ಬಿಚ್ಚಿ ಮತ್ತೊಮ್ಮೆ ಎಣ್ಣೆ ಸವರುವವನು ಯಾರೋ, ಆ ಕಾರಿನ ನಿಜವಾದ ವಾರಸುದಾರ ಅವನೇ.