ಆಣೆ ಮುರಿದ ಮರುದಿನ

ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಊರೂರು ಹೊರಟರು. ಕಾಳು ಬೇಡಲಿಲ್ಲ, ರೊಕ್ಕ ಬೇಡಲಿಲ್ಲ. ನಿಮ್ಮ ದುಶ್ಚಟ ಹಾಕಿರಿ ಎಂದು ಬೇಡಿದರು. ಆಗ ಇಳಕಲ್ಲೂ ನಮ್ಮ ತಿಕೋಟಾವೂ ಒಂದೇ ಬಿಜಾಪುರ ಜಿಲ್ಲೆಯಲ್ಲಿದ್ದವು. ಮಹಾಂತ ಜೋಳಿಗೆಗೆ ಚಟ ಹಾಕಿ, ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟು ಬದುಕಿಕೊಂಡ ಸಂಸಾರಗಳು ಈ ಭಾಗದಲ್ಲಿ ಎಷ್ಟೋ ಇವೆ. ಅವರ ಹುಟ್ಟಿದ ದಿನ ಆಗಸ್ಟ್ 1 ಇಂದು ನಾಡಿಗೆಲ್ಲ ವ್ಯಸನಮುಕ್ತ ದಿನ.

ನನ್ನ ಮನಸ್ಸು ಹೋಗುವುದು ಮಾತು ಕೊಟ್ಟು ಮನೆಗೆ ಬಂದು, ಕೆಲವು ತಿಂಗಳ ಮೇಲೆ ಮತ್ತೆ ಕುಡಿದವನ ಕಡೆಗೆ. ತಿಕೋಟಾ ಸುತ್ತ ದ್ರಾಕ್ಷಿ ಕಟಾವು ಮುಗಿದು ಪಗಾರ ಕೈಗೆ ಬಂದ ಸಂಜೆ ಯಾರೋ ಒಬ್ಬ ಗೆಳೆಯ ಕರೆಯುತ್ತಾನೆ. ಒಂದು ನೈಂಟಿ ಅಷ್ಟೇ ಎನ್ನುತ್ತಾನೆ. ಮರುದಿನ ಆ ಮನುಷ್ಯ ಎಲ್ಲಿಗೆ ಹೋಗಬೇಕು? ದೇವರ ಮುಂದೆ ಮಾಡಿದ ಆಣೆ ಮುರಿದಿದೆ. ಗುಡಿಯ ಕಡೆ ಮುಖ ಮಾಡಲು ಹೆದರಿಕೆ. ನಮ್ಮ ಕಡೆಯ ಸಣ್ಣ ಕ್ರೈಸ್ತ ಸಭೆಗಳಲ್ಲಿ ಈ ನೋವು ಇನ್ನಷ್ಟು ಬಿಗಿ. ಯೇಸು ನನ್ನನ್ನು ಬಿಡಿಸಿದ ಎಂದು ಎಲ್ಲರೆದುರು ನಿಂತು ಸಾಕ್ಷಿ ಹೇಳಿದವನು ಅವನು. ಈಗ ಅದೇ ಜನರ ನಡುವೆ ಹೇಗೆ ಕೂರುವುದು? ಒಂದು ಭಾನುವಾರ ತಪ್ಪಿಸುತ್ತಾನೆ, ಆಮೇಲೆ ಬರುವುದನ್ನೇ ಬಿಡುತ್ತಾನೆ. ಮೊದಲ ಗುಟುಕು ಅವನನ್ನು ಕೆಡಿಸಿದ್ದು ಸ್ವಲ್ಪ, ಆಮೇಲಿನ ನಾಚಿಕೆ ಕೆಡಿಸಿದ್ದು ಬಹಳ.

ಇಂಥವನಿಗೆ ಒಂದು ದಾರಿ ಸಿಕ್ಕಿದ್ದು ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಎಂಬ ಊರಿನಲ್ಲಿ, 1935ರ ಬೇಸಿಗೆಯಲ್ಲಿ. ಕಂಡುಕೊಂಡವರು ಇಬ್ಬರು ಕುಡುಕರು.

ಬಿಲ್ ವಿಲ್ಸನ್ ನ್ಯೂಯಾರ್ಕಿನ ಷೇರು ವ್ಯವಹಾರದವನು. ಅವನ ಹಳೆಯ ಕುಡಿತದ ಗೆಳೆಯ ಎಬಿ ಥ್ಯಾಚರ್ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಬಳಗ ಸೇರಿ ಕುಡಿತ ಬಿಟ್ಟಿದ್ದ. ಲೂಥರನ್ ಪಾದ್ರಿ ಫ್ರಾಂಕ್ ಬುಕ್ಮನ್ ಕಟ್ಟಿದ ಬಳಗ ಅದು. ತಪ್ಪನ್ನು ಇನ್ನೊಬ್ಬರ ಮುಂದೆ ಬಾಯಿಬಿಟ್ಟು ಒಪ್ಪುವುದು, ನೋಯಿಸಿದವರ ಬಳಿ ಹೋಗಿ ಸರಿಮಾಡಿಕೊಳ್ಳುವುದು, ಬೆಳಿಗ್ಗೆ ದೇವರ ಮುಂದೆ ಸುಮ್ಮನೆ ಕೂರುವುದು ಅವರ ಪದ್ಧತಿ. ಎಬಿಯ ಮಾತು ಕೇಳಿದ ಬಿಲ್ 1934ರ ಡಿಸೆಂಬರಿನಲ್ಲಿ ಆಸ್ಪತ್ರೆ ಸೇರಿ ಕುಡಿತ ಬಿಟ್ಟ. ಆಮೇಲೆ ಸಿಕ್ಕ ಕುಡುಕರಿಗೆಲ್ಲ ಬೋಧನೆ ಮಾಡುತ್ತ ತಿರುಗಿದ. ಒಬ್ಬನೂ ಬಿಡಲಿಲ್ಲ. ಆದರೆ ನೀನು ಕುಡಿದಿಲ್ಲವಲ್ಲ ಎಂದಳು ಹೆಂಡತಿ ಲೋಯಿಸ್. ಆ ಮಾತಿನ ತೂಕ ಅವನಿಗೆ ತಿಳಿದದ್ದು ಆಕ್ರನ್ನಿನಲ್ಲಿ.

ವ್ಯವಹಾರಕ್ಕೆಂದು ಅಲ್ಲಿಗೆ ಹೋಗಿ ಸೋತಿದ್ದ. 1935ರ ಮೇ 11, ಶನಿವಾರ. ಮೇಫ್ಲವರ್ ಹೋಟೆಲಿನ ಹಜಾರದ ಒಂದು ಬದಿ ಬಾರು, ಅಲ್ಲಿಂದ ನಗು ಕೇಳುತ್ತಿದೆ. ಇನ್ನೊಂದು ಬದಿ ಊರಿನ ಚರ್ಚುಗಳ ಪಟ್ಟಿ. ಬಿಲ್ ಪಟ್ಟಿ ನೋಡಿ ವಾಲ್ಟರ್ ಟಂಕ್ಸ್ ಎಂಬ ಪಾದ್ರಿಗೆ ಫೋನ್ ಮಾಡಿದ. ಅವನು ಕೇಳಿದ್ದು ತನಗಾಗಿ ಪ್ರಾರ್ಥನೆಯನ್ನಲ್ಲ. ಮಾತಾಡಲು ಇನ್ನೊಬ್ಬ ಕುಡುಕ ಬೇಕು ಎಂದು ಕೇಳಿದ. ಮರುದಿನ ಸಂಜೆ ಹೆನ್ರಿಯೆಟಾ ಸೀಬರ್ಲಿಂಗ್ ಎಂಬ ಹೆಣ್ಣುಮಗಳ ಮನೆಯಲ್ಲಿ ಅವನೆದುರು ಕೂತವರು ಸರ್ಜನ್ ಡಾ. ಬಾಬ್ ಸ್ಮಿತ್. ಹದಿನೈದು ನಿಮಿಷ ಮಾತ್ರ ಎಂದು ಬಂದ ಡಾಕ್ಟರು ಎದ್ದದ್ದು ರಾತ್ರಿ ಹನ್ನೊಂದು ದಾಟಿದ ಮೇಲೆ.

ಡಾ. ಬಾಬ್ ನಾಸ್ತಿಕರಾಗಿರಲಿಲ್ಲ. ಎರಡು ವರ್ಷಕ್ಕೂ ಮೇಲಾಗಿ ಆಕ್ಸ್‌ಫರ್ಡ್ ಗ್ರೂಪಿನ ಕೂಟಕ್ಕೆ ಹೋಗುತ್ತಿದ್ದರು, ಬೈಬಲ್ ಓದುತ್ತಿದ್ದರು, ಪ್ರಾರ್ಥನೆ ಮಾಡುತ್ತಿದ್ದರು, ಕುಡಿಯುತ್ತಲೂ ಇದ್ದರು. ವಿಶ್ವಾಸವಿದ್ದವನು ಕುಡಿಯುವುದಿಲ್ಲ ಎಂದು ಹಗುರವಾಗಿ ಹೇಳುವವರು ಈ ಮಾತಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಬೋಧಿಸದೆ ತನ್ನದೇ ಕತೆ ಹೇಳುವ ಇನ್ನೊಬ್ಬ ಕುಡುಕ ಸಿಕ್ಕಮೇಲೆ ಅವರು ಬಿಟ್ಟರು. ಬಿಲ್ ಅವರ ಮನೆಯಲ್ಲೇ ಉಳಿದ.

ಇನ್ನೇನು ಗೆದ್ದರು ಎನ್ನುವಾಗ ಡಾಕ್ಟರು ವೈದ್ಯ ಸಮ್ಮೇಳನಕ್ಕೆಂದು ಅಟ್ಲಾಂಟಿಕ್ ಸಿಟಿಗೆ ಹೊರಟರು. ರೈಲು ಹತ್ತುತ್ತಲೇ ಕುಡಿತ ಶುರುವಾಯಿತು. ದಿನಗಳು ಕಳೆದು, ಮೈಮೇಲೆ ಎಚ್ಚರವಿಲ್ಲದ ಸ್ಥಿತಿಯಲ್ಲಿ ಊರಿಗೆ ಮರಳಿದರು.

ಕತೆಯ ಜೀವ ಇಲ್ಲಿದೆ. ಹೆಂಡತಿ ಆ್ಯನ್ ಬಾಗಿಲು ಹಾಕಲಿಲ್ಲ. ಬಿಲ್ ಗಂಟುಮೂಟೆ ಕಟ್ಟಲಿಲ್ಲ. ನಿನ್ನ ಪ್ರಾರ್ಥನೆಯೆಲ್ಲ ಸುಳ್ಳಾಯಿತು ಎಂದು ಯಾರೂ ಅನ್ನಲಿಲ್ಲ. ಮೂರು ದಿನ ಇಬ್ಬರೂ ಪಕ್ಕದಲ್ಲಿದ್ದು ನಶೆ ಇಳಿಸಿದರು, ಏಕೆಂದರೆ ಡಾಕ್ಟರು ಒಂದು ಆಪರೇಷನ್ ಮಾಡಲೇಬೇಕಿತ್ತು. ಆ ಬೆಳಿಗ್ಗೆ ಕೈನಡುಕ ನಿಲ್ಲಲೆಂದು ಬಿಲ್ ಅವರಿಗೆ ಒಂದು ಬಾಟಲಿ ಬಿಯರ್ ಕೊಟ್ಟ. ಆಪರೇಷನ್ ಮುಗಿದರೂ ಡಾಕ್ಟರು ಮನೆಗೆ ಬರಲಿಲ್ಲ. ಮನೆಯವರು ದಿಗಿಲುಬಿದ್ದರು. ಅವರು ಹೋಗಿದ್ದದ್ದು ತಾವು ನೋಯಿಸಿದವರ, ಬಾಕಿ ಉಳಿಸಿಕೊಂಡವರ ಬಾಗಿಲಿಗೆ, ಒಂದಾದ ಮೇಲೆ ಒಂದು. ಆ ಬಿಯರೇ ಕೊನೆಯದು. 1950ರ ನವೆಂಬರಿನಲ್ಲಿ ಸಾಯುವವರೆಗೂ ಮತ್ತೆ ಮುಟ್ಟಲಿಲ್ಲ. ಇವರಿಬ್ಬರಿಂದ ಶುರುವಾದ, ಕುಡಿತ ಬಿಡುವವರ ಬಳಗ ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಹುಟ್ಟಿದ ದಿನ ಎಂದು ಎಣಿಸುವುದು ಈ ದಿನವನ್ನೇ, ಜೂನ್ 10. ಸಮ್ಮೇಳನದ ತಾರೀಖು ನೋಡಿದ ಕೆಲವು ಇತಿಹಾಸಕಾರರು ಅದು ಜೂನ್ 17 ಇರಬೇಕು ಎನ್ನುತ್ತಾರೆ. ಯಾವುದಾದರೂ ಸರಿ, ಜಗತ್ತಿಗೆಲ್ಲ ಹರಡಿದ ಆ ಬಳಗದ ಲೆಕ್ಕ ಶುರುವಾಗುವುದು ಒಬ್ಬ ಭಕ್ತ ಮತ್ತೆ ಕುಡಿದು ಎದ್ದ ದಿನದಿಂದ.

ಮುಂದೆ ಬಿಲ್ ಮತ್ತು ಡಾಕ್ಟರು ಆಸ್ಪತ್ರೆಗೆ ಹೋಗಿ ಮೂರನೆಯವನನ್ನು ಹುಡುಕಿದರು. ಅವನೂ ಚರ್ಚಿನಲ್ಲಿ ಗಟ್ಟಿಯಾಗಿದ್ದವನೇ. ಅಮಲು ಇಳಿದ ಬೆಳಿಗ್ಗೆಗಳಲ್ಲಿ ದೇವರಿಗೆ ಆಣೆ ಇಡುತ್ತಿದ್ದ, ಒಂಬತ್ತು ಗಂಟೆಗೆ ಮತ್ತೆ ಕುಡಿದಿರುತ್ತಿದ್ದ. ಅವನೂ ಉಳಿದ. ಆ ದಿನಗಳಲ್ಲಿ ಅವರು ಹೆಚ್ಚು ಓದಿದ್ದು ಯಾಕೋಬನ ಪತ್ರಿಕೆ. ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿಕೊಳ್ಳಬೇಕೆಂದು ಹೇಳುವ ಪತ್ರಿಕೆ ಅದು. ನನಗೆ ನೆನಪಾಗುವವನು ಪೇತ್ರ. ಮೂರು ಬಾರಿ ಯೇಸುವನ್ನು ಅರಿಯೆನೆಂದ ಅವನನ್ನು ಯೇಸು ಗಲಿಲಾಯದ ದಡದಲ್ಲಿ ಬೆಂಕಿ ಮಾಡಿ, ಮೀನು ಸುಟ್ಟು, ಊಟಕ್ಕೆ ಕರೆದ. ಲೆಕ್ಕ ಕೇಳಲಿಲ್ಲ. ಪ್ರೀತಿಸುತ್ತೀಯಾ ಎಂದು ಮೂರು ಬಾರಿ ಕೇಳಿ, ಕುರಿ ಕಾಯುವ ಕೆಲಸ ಕೊಟ್ಟ.

ಆಣೆಯ ರೂಪವನ್ನೇ ಬದಲಿಸಿದವಳು ಒಬ್ಬ ಕನ್ಯಾಸ್ತ್ರೀ. ಆಕ್ರನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಸಿಸ್ಟರ್ ಇಗ್ನೇಷಿಯಾ 1939ರಲ್ಲಿ, ಕುಡುಕರಿಗೆ ಹಾಸಿಗೆ ಸಿಗದ ಕಾಲದಲ್ಲಿ, ಜಠರದ ಉರಿಯೂತ ಎಂದು ಬರೆಸಿ ಡಾ. ಬಾಬ್ ತಂದ ರೋಗಿಯನ್ನು ಸೇರಿಸಿಕೊಂಡಳು. ಮುಂದಿನ ಹತ್ತು ಹನ್ನೊಂದು ವರ್ಷಗಳಲ್ಲಿ ಅವರಿಬ್ಬರ ಕೈಯಿಂದ ಸುಮಾರು 5000 ಜನ ದಾಟಿಹೋದರು. ಮನೆಗೆ ಹೊರಟವನ ಕೈಗೆ ಅವಳು ಯೇಸುವಿನ ಪವಿತ್ರ ಹೃದಯದ ಗುರುತೊಂದನ್ನು ಕೊಡುತ್ತಿದ್ದಳು. ಇನ್ನೆಂದೂ ಕುಡಿಯೆನೆಂಬ ಆಣೆ ಕೇಳಲಿಲ್ಲ. ಕುಡಿಯಬೇಕೆನಿಸಿದರೆ ಮೊದಲು ಬಂದು ಇದನ್ನು ನನಗೆ ವಾಪಸ್ ಕೊಡು ಎಂದಳು.

ಮೊದಲು ದಾರಿ ತೋರಿದ ಎಬಿ ಏನಾದ? ಅವನು 1937ರಲ್ಲಿ ಮತ್ತೆ ಕುಡಿದ. ಆಮೇಲೂ ಹಲವು ಬಾರಿ ಬಿದ್ದ, ಎದ್ದ. ಬಿಲ್ ಮಾತ್ರ ಕೊನೆಯವರೆಗೂ ಅವನನ್ನೇ ತನ್ನ ಸ್ಪಾನ್ಸರ್, ಅಂದರೆ ಕುಡಿತ ಬಿಡುವ ದಾರಿಯಲ್ಲಿ ಕೈಹಿಡಿದು ನಡೆಸಿದವನು, ಎಂದು ಕರೆದ. 1966ರಲ್ಲಿ ತೀರಿಕೊಂಡಾಗ ಎಬಿ ಕುಡಿತ ಬಿಟ್ಟು ಸುಮಾರು ಎರಡು ವರ್ಷ ಆಗಿತ್ತು.

ನಮ್ಮ ಸಭೆಗಳ ಹಿರಿಯರಲ್ಲಿ, ಪಾಸ್ಟರ್‌ಗಳಲ್ಲಿ, ಫಾದರ್‌ಗಳಲ್ಲಿ ನಾನು ಬೇಡುವುದು ಇಷ್ಟು. ಸಾಕ್ಷಿ ಹೇಳಿದವನು ಭಾನುವಾರ ಕಾಣದಿದ್ದರೆ ಸೋಮವಾರ ಸಂಜೆಯೊಳಗೆ ಇಬ್ಬರು ಅವನ ಮನೆಗೆ ಹೋಗಲಿ, ಅವರಲ್ಲಿ ಒಬ್ಬ ತಾನೂ ಕುಡಿದು ಬಿಟ್ಟವನಿರಲಿ. ಬಹಳ ದಿನ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಬಿಯರ್ ಕೊಟ್ಟು ನಡುಕ ನಿಲ್ಲಿಸುವ ಕಾಲ ಮುಗಿದಿದೆ, ಅದಕ್ಕೆ ಔಷಧಿ ಇದೆ. ಮನೆಯಲ್ಲೇ ಕೂರಿಸಿ ಪ್ರಾರ್ಥಿಸದೆ ವಿಜಯಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಲಿ, ಪ್ರಾರ್ಥನೆಯನ್ನು ದಾರಿಯಲ್ಲಿ ಮಾಡಲಿ. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್ ನಂಬರ್ 14416 ಇದೆ. ಅವನು ಮತ್ತೆ ಸಭೆಗೆ ಬಂದ ದಿನ, ಸಾಕ್ಷಿಯ ಹೊತ್ತಿನಲ್ಲಿ, ಬಿದ್ದದ್ದನ್ನೂ ಹೇಳಲು ಅವನಿಗೆ ಅವಕಾಶವಿರಲಿ.